ಉಸ್ತಾದನ ಗಂಟಲು

ಸಾಲಹಳ್ಳಿಯಂಥ ಸಣ್ಣ ಊರಿನ ಹುಡುಗ ಸೈನ್ಯದ ಭರ್ತಿಗೆಂದು 1.6 ಕಿ.ಮೀ. ಓಡಿ ಗೆದ್ದರೆ ಊರೆಲ್ಲ ಬೆನ್ನು ತಟ್ಟುತ್ತದೆ. ನಿಜವಾದ ಪರೀಕ್ಷೆ ಆಮೇಲಿನದು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಂಥ ಕಡೆ ಹೊಸಬರು ಮೊದಲು ಅಂಜುವುದು ಹವಾಲ್ದಾರ್ ದರ್ಜೆಯ ಉಸ್ತಾದನಿಗೆ, ಅಂದರೆ ಡ್ರಿಲ್ ಕಲಿಸುವವನಿಗೆ. ‘ಸಾವಧಾನ್’ ಎಂದೊಡನೆ ಹಿಮ್ಮಡಿಗಳು ಕೂಡಬೇಕು, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಬೇಕು.

ಇಂಥ ಉಸ್ತಾದನನ್ನು ಸಿನಿಮಾ ತೆರೆಯ ಮೇಲೆ ಸರಿಯಾಗಿ ತಂದವನು ಆರ್. ಲೀ ಎರ್ಮಿ. 1960ರ ದಶಕದಲ್ಲಿ ಅಮೆರಿಕದ ಮರೀನ್ ಪಡೆಯಲ್ಲಿ ತಾನೇ ಡ್ರಿಲ್ ಕಲಿಸಿದವನು. ಸ್ಟ್ಯಾನ್ಲಿ ಕುಬ್ರಿಕ್‌ನ ‘ಫುಲ್ ಮೆಟಲ್ ಜಾಕೆಟ್’ (1987) ಚಿತ್ರಕ್ಕೆ ಸಲಹೆಗಾರನಾಗಿ ಬಂದು ಸಾರ್ಜೆಂಟ್ ಹಾರ್ಟ್‌ಮನ್ ಪಾತ್ರವನ್ನೇ ಗಿಟ್ಟಿಸಿಕೊಂಡ. ಬೈಗುಳಗಳಲ್ಲಿ ಬಹಳಷ್ಟು ಅವನದೇ ಸರಕು! ಹುಡುಗನ ಮುಖಕ್ಕೆ ಮುಖ ಕೊಟ್ಟು ಅರಚುವಾಗಲೂ ಮಾತು ಎಲ್ಲೂ ತೊದಲುವುದಿಲ್ಲ, ಲಯ ತಪ್ಪುವುದಿಲ್ಲ. ‘ಸ್ಯಾಂಡ್ಸ್ ಆಫ್ ಐವೊ ಜಿಮಾ’ದ (1949) ಜಾನ್ ವೇಯ್ನ್ ಕೂಡ ಗಡಸು ಸಾರ್ಜೆಂಟೇ, ಆದರೆ ಒಳಗೊಂದು ಮೆತ್ತನೆಯ ಮನಸ್ಸಿದೆಯೆಂದು ಚಿತ್ರ ನಮ್ಮನ್ನು ಸಂತೈಸುತ್ತದೆ. ಕುಬ್ರಿಕ್ ಆ ಸಮಾಧಾನ ಕೊಡುವುದಿಲ್ಲ. ಹಾರ್ಟ್‌ಮನ್ ತಿದ್ದಿ ತೀಡಿದ ಹುಡುಗನೇ ಅವನಿಗೆ ಗುಂಡು ಹಾರಿಸುತ್ತಾನೆ.

ನಮ್ಮ ‘ಮುತ್ತಿನ ಹಾರ’ದಲ್ಲಿ (1990) ವಿಷ್ಣುವರ್ಧನ್ ಸೈನಿಕನಾಗಿ ಮನ ಗೆದ್ದರು. ಉಸ್ತಾದನಿಗೆ ಮಾತ್ರ ಕನ್ನಡ ಸಿನಿಮಾ ಇನ್ನೂ ತಕ್ಕ ಪಾತ್ರ ಬರೆದಂತಿಲ್ಲ. ಮಾದರಿಗಳಿಗೇನು, ಬೆಳಗಾವಿಯಲ್ಲೇ ಬೇಕಾದಷ್ಟಿವೆ.