ಹಿಮ ಬಿದ್ದ ಊರಿನ ಚಿತ್ರಗಳು

ಸೋವಿಯತ್ ಮಕ್ಕಳ ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಬಹುತೇಕ ಹಂಬಲದ ಬರಹಗಳು. ಒಳ್ಳೆಯ ಕಾಗದ, ಬಣ್ಣದ ಚಿತ್ರ, ಅಗ್ಗದ ಬೆಲೆ. ಆ ಹಂಬಲ ಸುಳ್ಳಲ್ಲ. ಮಾಸ್ಕೋದ ಪ್ರಗತಿ ಮತ್ತು ರಾದುಗ ಪ್ರಕಾಶನಗಳ ಕನ್ನಡ ಪುಸ್ತಕಗಳು ನವಕರ್ನಾಟಕದ ಮೂಲಕ ಊರೂರು ತಲುಪಿದವು, ನವಲಗುಂದ ತಾಲೂಕಿನ ನಮ್ಮ ಮೊರಬಕ್ಕೂ ಬಂದವು. 1991ರಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. ನಾನು ಹುಟ್ಟಿದ್ದು ಅದರ ನಂತರ. ಕಾಕಾನ ಟ್ರಂಕಿನಲ್ಲಿ ಪುಸ್ತಕಗಳು ಮಾತ್ರ ಉಳಿದಿದ್ದವು. ಅವು ದೂರದ ನಾಡನ್ನು ಹೇಗೆ ತೋರಿಸಿದವು, ಏನನ್ನು ತೋರಿಸಲಿಲ್ಲ ಎಂದು ನಾವು ಕೇಳಿದ್ದು ಕಡಿಮೆ.

ಮೊದಲು ತೋರಿಸಿದ್ದರ ಮಾತು. ಅನುವಾದಕರು ಹಿಮ ಎಂದರೂ ಮಂಜು ಎಂದರೂ ಎರೆಹೊಲದ ಮಕ್ಕಳಿಗೆ ಅರ್ಧವೇ ತಿಳಿಯುತ್ತದೆ. ನಮ್ಮ ಕಡೆ ಮಂಜೆಂದರೆ ಚಳಿಗಾಲದ ನಸುಕಿನಲ್ಲಿ ಕಡಲೆ ಹೊಲದ ಮೇಲೆ ಕವಿದು, ಬಿಸಿಲೇರಿದೊಡನೆ ಹಾರಿಹೋಗುವಂಥದ್ದು. ಅದರಲ್ಲಿ ಬಂಡಿ ಜಾರುವುದಿಲ್ಲ, ಮನೆ ಹೂತುಹೋಗುವುದಿಲ್ಲ. 'ಒಲೆ' ಎಂಬ ಪದದ್ದೂ ಇದೇ ಪಾಡು. ರಷ್ಯನ್ ಜನಪದ ಕತೆಗಳಲ್ಲಿ ಅಜ್ಜ ಒಲೆಯ ಮೇಲೆ ಮಲಗುತ್ತಾನೆ! ಗೋಡೆಯಷ್ಟು ದೊಡ್ಡದಾದ ಆ ಬಿಳಿ ಒಲೆಯನ್ನು ಚಿತ್ರದಲ್ಲಿ ಕಂಡ ಮೇಲೆಯೇ ಅಜ್ಜ ಸುಟ್ಟುಹೋಗುವುದಿಲ್ಲವೆಂಬ ಧೈರ್ಯ ಬರುವುದು. ಪದ ಸೋತಲ್ಲಿ ಚಿತ್ರ ಅನುವಾದ ಮಾಡಿತು. ಹಾಗಾಗಿ ಅನುವಾದಕನಿಗೆ ಕೇಳುವ ಪ್ರಶ್ನೆಗಳನ್ನೇ ಚಿತ್ರಕ್ಕೂ ಕೇಳಬೇಕಾಗುತ್ತದೆ.

ಅರ್ಕಾದಿ ಗೈದಾರನ 'ಚುಕ್ ಮತ್ತು ಗೆಕ್' (1939) ಕತೆಯನ್ನೇ ನೋಡಿ. ನಾನು ಓದಿದ್ದು ಇಂಗ್ಲಿಷಿನಲ್ಲಿ. ಮಾಸ್ಕೋದ ಇಬ್ಬರು ಹುಡುಗರು ತಾಯಿಯ ಜೊತೆ ದೂರದ ಕಾಡಿನಲ್ಲಿ ಭೂವಿಜ್ಞಾನಿಯಾಗಿ ದುಡಿಯುತ್ತಿರುವ ಅಪ್ಪನನ್ನು ಕಾಣಲು ಹೊರಡುತ್ತಾರೆ. ಈಗ ಬರಬೇಡಿ ಎಂದು ಅಪ್ಪ ಕಳಿಸಿದ ತಂತಿ ಹುಡುಗರ ಜಗಳದಲ್ಲಿ ಕಿಟಕಿಯಾಚೆ ಹಿಮಕ್ಕೆ ಬಿದ್ದಿರುತ್ತದೆ. ತಾಯಿಗೆ ಅವರು ಹೇಳಿರುವುದಿಲ್ಲ. ಮೊದಲು ರೈಲು, ಆಮೇಲೆ ಕುದುರೆಯ ಜಾರುಬಂಡಿ. ತಲುಪಿದರೆ ಅಲ್ಲಿ ಅಪ್ಪನೇ ಇಲ್ಲ.

ರಾಬಿನ್ಸನ್ ಕ್ರೂಸೋ ದ್ವೀಪದಲ್ಲಿ ಸಿಕ್ಕ ಮನುಷ್ಯನ ಹೆಸರನ್ನೂ ಕೇಳದೆ ಅವನಿಗೆ ಫ್ರೈಡೇ ಎಂದು ಹೆಸರಿಡುತ್ತಾನೆ. ಚುಕ್ ಮತ್ತು ಗೆಕ್ ಯಾವ ನೆಲವನ್ನೂ ಗೆಲ್ಲಲು ಹೊರಟವರಲ್ಲ. ಅವರಿಗೆ ದೂರದ ನಾಡೆಂದರೆ ಅಪ್ಪ ದುಡಿಯುವ ಜಾಗ, ಅಷ್ಟೇ. ಮಳೆ ಕೈಕೊಟ್ಟ ವರ್ಷ ದುಡಿಯಲು ಗೋವಾಕ್ಕೆ, ಬೆಂಗಳೂರಿಗೆ ಜನ ಹೋಗುವ ನಮ್ಮ ಸೀಮೆಯಲ್ಲಿ ಈ ಪ್ರಯಾಣವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪ್ರವಾಸದ ಕತೆಗಳಲ್ಲಿ ಇದನ್ನು ನಾನು ಮೇಲಿಡುವುದು ಇದಕ್ಕೇ.

ಆದರೆ ಕಪ್ಪು-ಬಿಳುಪು ಚಿತ್ರದಲ್ಲಿ ಹಿಮವೆಂದರೆ ಚಿತ್ರಕಾರ ಕೈ ಹಚ್ಚದೆ ಬಿಟ್ಟ ಕಾಗದ. ಆ ದಶಕದಲ್ಲಿ ಸೈಬೀರಿಯಾದ ಅಂಥ ಕಾಡುಗಳಲ್ಲಿ ಬಲವಂತದ ದುಡಿಮೆಯ ಶಿಬಿರಗಳಿದ್ದವು. 1937-38ರಲ್ಲಿ ಲಕ್ಷಾಂತರ ಜನರ ಬಂಧನವಾಗಿತ್ತು. ಚುಕ್ ಮತ್ತು ಗೆಕ್ ಅಪ್ಪನಿಗಾಗಿ ಕಾಯುತ್ತಾರೆ, ಹೊಸವರ್ಷದ ಹೊತ್ತಿಗೆ ಅಪ್ಪ ಬರುತ್ತಾನೆ. ಅವೇ ದಿನಗಳಲ್ಲಿ ತಂತಿಯೂ ಇಲ್ಲದೆ ಕಾದ ಮಕ್ಕಳಿದ್ದರು, ಅವರ ಅಪ್ಪಂದಿರು ಬರಲಿಲ್ಲ. ದಾರಿಯಲ್ಲಿ ಹುಡುಗರಿಗೆ ಫಿರಂಗಿ ಹೊತ್ತ ಉಕ್ಕಿನ ರೈಲೊಂದು ಕಾಣುತ್ತದೆ. ಅದನ್ನು ನೋಡಿ ಅವರಿಗೆ ಖುಷಿ. ಚಿಕ್ಕವನಿದ್ದಾಗ ನನಗೂ ಖುಷಿಯೇ ಆಗಿತ್ತು.

ಇಷ್ಟು ತಿಳಿದ ಮೇಲೂ ಕತೆ ಸಣ್ಣದಾಗುವುದಿಲ್ಲ, ತಾಯಿಯ ಆತಂಕ ಸುಳ್ಳಾಗುವುದಿಲ್ಲ. ಸುಳ್ಳಾಗುವುದು ನಮ್ಮ ಹಂಬಲದ ಬರಹಗಳಲ್ಲಿರುವ ನಿಶ್ಚಿಂತೆ. ಹಳೆಯ ಸೋವಿಯತ್ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಂಚುವವರು ಈಗ ಇದ್ದಾರೆ, ಒಳ್ಳೆಯ ಕೆಲಸ. ಇಂಥ ಪುಸ್ತಕ ಮತ್ತೆ ಅಚ್ಚಾಗುವುದಾದರೆ ಎರಡು ಪುಟದ ಮುನ್ನುಡಿಯೂ ಇರಲಿ. ಮಕ್ಕಳಿಗಲ್ಲ, ಪಕ್ಕದಲ್ಲಿ ಕೂತು ಓದಿ ಹೇಳುವ ದೊಡ್ಡವರಿಗೆ.