ಆ ಐದು ನಿಮಿಷ ಯಾರದು?

ಆಯುಷ್ ಸಚಿವಾಲಯದ ‘ವೈ-ಬ್ರೇಕ್’ 2020ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2021ರ ಸೆಪ್ಟೆಂಬರ್ 1ರಂದು ಮೊಬೈಲ್ ಆ್ಯಪ್ ಆಗಿ ಎಲ್ಲರ ಕೈಗೆ ಬಂತು. ದಿನವಿಡೀ ಕುಳಿತು ದುಡಿಯುವವರು ಕೆಲಸದ ನಡುವೆ ಎದ್ದು, ಮೇಜಿನ ಪಕ್ಕದಲ್ಲೇ ನಿಂತು ಐದು ನಿಮಿಷದಲ್ಲಿ ಮುಗಿಸಬಹುದಾದ ಯೋಗಕ್ರಮ ಅದು. ತಾಡಾಸನದಿಂದ ಆರಂಭ, ಆಮೇಲೆ ಭುಜ ತಿರುಗಿಸುವ ಸ್ಕಂಧಚಕ್ರ, ಸೊಂಟ ತಿರುಗಿಸುವ ಕಟಿಚಕ್ರಾಸನ, ಹಿಂದಕ್ಕೆ ಬಾಗುವ ಅರ್ಧಚಕ್ರಾಸನ, ಕೊನೆಗೆ ನಾಡಿಶೋಧನ, ಭ್ರಾಮರಿ, ಧ್ಯಾನ.

ಈ ಆಯ್ಕೆಯಲ್ಲಿ ವಿವೇಕವಿದೆ. ಗಣಕಯಂತ್ರದ ಮುಂದೆ ಕುಳಿತವರ ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ, ಬೆನ್ನು ಗೂನಾಗಿರುತ್ತದೆ, ಭುಜ ಬಿಗಿದಿರುತ್ತದೆ. ಕ್ರಮದ ಮೊದಲರ್ಧ ನೇರವಾಗಿ ಅಲ್ಲಿಗೇ ಕೈ ಹಾಕುತ್ತದೆ. ಚಾಪೆ ಬೇಡ, ಬಟ್ಟೆ ಬದಲಿಸುವುದು ಬೇಡ. ಸೀರೆ ಉಟ್ಟವರಿಗೂ ಇದರ ಬಹುಪಾಲು ತೊಡಕಾಗದು. ಆದರೆ ಉತ್ತರಾರ್ಧದಲ್ಲಿ ಆತುರವಿದೆ. ನಾಡಿಶೋಧನಕ್ಕೆ ಉಸಿರು ನಿಧಾನಕ್ಕೆ ಹದಕ್ಕೆ ಬರಬೇಕು. ಭ್ರಾಮರಿಗೂ ಧ್ಯಾನಕ್ಕೂ ಅವುಗಳದೇ ಸಾವಧಾನ ಬೇಕು. ಮೂರನ್ನೂ ಇದೇ ಐದು ನಿಮಿಷದಲ್ಲಿ ತುರುಕಿದರೆ ಯಾವುದೂ ದಕ್ಕುವುದಿಲ್ಲ. ನಾನಾಗಿದ್ದರೆ ಅವುಗಳಲ್ಲಿ ಎರಡನ್ನು ಬಿಟ್ಟು, ಆ ಹೊತ್ತನ್ನು ಕಾಲುಗಳಿಗೆ ಕೊಡುತ್ತಿದ್ದೆ. ಗಂಟೆಗಟ್ಟಲೆ ಮಡಿಸಿಟ್ಟ ಮಂಡಿಗೆ ಇಲ್ಲಿ ಸಿಕ್ಕಿರುವ ಪಾಲು ಕಡಿಮೆ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಹೇಳುತ್ತದೆ. ಎದೆಬಡಿತ ಏರದ ಈ ಐದು ನಿಮಿಷವನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಕುಳಿತೇ ಇರುವುದನ್ನು ಮುರಿಯುವುದಷ್ಟೇ ಇದರ ಕೆಲಸ. ಅದೂ ಸಣ್ಣ ಕೆಲಸವೇನಲ್ಲ. ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಲಂಡನ್ ಬಸ್ ನೌಕರರ ಅಧ್ಯಯನದಲ್ಲಿ, ಕುಳಿತೇ ಇರುವ ಚಾಲಕರಿಗಿಂತ ಡಬಲ್ ಡೆಕ್ಕರ್‌ನ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಕಂಡಿತ್ತು. ಅಂಚೆ ಹಂಚುವವರನ್ನು ಕಚೇರಿಯ ಗುಮಾಸ್ತರೊಡನೆ ಹೋಲಿಸಿದಾಗಲೂ ಚಿತ್ರ ಹಾಗೆಯೇ ಇತ್ತು.

ವೈ-ಬ್ರೇಕ್ ಸೋಲುವುದು ಆಸನಗಳಲ್ಲಲ್ಲ, ಅದನ್ನು ತಲುಪಿಸಿದ ಬಗೆಯಲ್ಲಿ. ಆ್ಯಪ್ ಬಳಸುವಂತೆ ನೌಕರರನ್ನು ಉತ್ತೇಜಿಸಿ ಎಂದು ಕೇಂದ್ರದ ಇಲಾಖೆಗಳಿಗೆ ಪತ್ರ ಹೋಯಿತು. ಆ್ಯಪ್ ಇರುವುದು ಒಬ್ಬೊಬ್ಬರ ಫೋನಿನಲ್ಲಿ. ತುಂಬಿದ ಶಾಖೆಯಲ್ಲಿ, ಎದುರಿಗೆ ಬಾಕಿ ಕಡತ, ಆಚೆ ಕಾಯುತ್ತಿರುವ ಸಾರ್ವಜನಿಕರು. ಅಲ್ಲಿ ಹೊಸದಾಗಿ ಸೇರಿದ ಗುಮಾಸ್ತೆಯೊಬ್ಬಳು ತಾನಾಗಿ ಎದ್ದು ನಿಂತು ಎರಡು ಕೈ ಮೇಲೆತ್ತುತ್ತಾಳೆಯೇ? ಎತ್ತುವುದಿಲ್ಲ. ಸೂಪರಿಂಟೆಂಡೆಂಟ್ ಏನಂದುಕೊಂಡಾರು ಎಂಬ ಅಳುಕು ಬೆನ್ನುನೋವಿಗಿಂತ ದೊಡ್ಡದು.

ಈ ಅಳುಕನ್ನು ಜಪಾನಿನ ‘ರೇಡಿಯೊ ತೈಸೊ’ ಬಹಳ ಹಿಂದೆಯೇ ದಾಟಿತು. 1928ರ ನವೆಂಬರ್‌ನಲ್ಲಿ ಬಾನುಲಿಯಲ್ಲಿ ಆರಂಭವಾದ ಈ ಕವಾಯತನ್ನು ಯುದ್ಧಕಾಲದ ಸರ್ಕಾರ ಶಿಸ್ತಿನ ಅಸ್ತ್ರ ಮಾಡಿಕೊಂಡಿತ್ತು. ಸೋಲಿನ ನಂತರ ನಿಂತುಹೋಗಿ, 1951ರಲ್ಲಿ ಹೊಸ ರೂಪದಲ್ಲಿ ಮರಳಿತು. ಹದಿಮೂರು ಚಲನೆ, ಪಿಯಾನೊ, ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಮರುವರ್ಷ ಬಂದ ಎರಡನೆಯ ಕ್ರಮವನ್ನು ದುಡಿಯುವ ವಯಸ್ಕರಿಗೆಂದೇ ಹೆಣೆದರು. ಇಂದಿಗೂ ಅಲ್ಲಿ ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸ ನಡೆಯುವ ಜಾಗಗಳಲ್ಲಿ ಬೆಳಿಗ್ಗೆ ಆ ಸಂಗೀತ ಕೇಳಿದರೆ ಎಲ್ಲರೂ ನಿಲ್ಲುತ್ತಾರೆ, ಮೇಸ್ತ್ರಿಯೂ ಕೂಲಿಯೂ. ಸಂಗೀತವೇ ಎಬ್ಬಿಸುವುದರಿಂದ ಯಾರೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿಲ್ಲ. ಎನ್‌ಎಚ್‌ಕೆ ದೂರದರ್ಶನದಲ್ಲಿ ತೋರಿಸುವಾಗ ನಿಂತು ಮಾಡುವವರ ಜೊತೆಯಲ್ಲೇ ಒಬ್ಬರು ಕುರ್ಚಿಯಲ್ಲಿ ಕುಳಿತು ಮಾಡುತ್ತಾರೆ. ಮಂಡಿನೋವಿನವರಿಗೆ, ವಯಸ್ಸಾದವರಿಗೆ ಅಲ್ಲಿ ಹಿಂದಿನ ಸಾಲಿಲ್ಲ. ಇದು ನನಗೆ ಬಹಳ ಹಿಡಿಸಿದ ಅಂಶ.

ನಮ್ಮ ಖಾಸಗಿ ಕಂಪನಿಗಳು ಹಿಡಿದ ದಾರಿ ಬೇರೆ: ಹೆಜ್ಜೆ ಎಣಿಸುವ ಸ್ಪರ್ಧೆ, ತಂಡ, ಅಂಕಪಟ್ಟಿ, ಗೆದ್ದವರಿಗೆ ಬಹುಮಾನ. ಉತ್ಸಾಹ ಎಬ್ಬಿಸುತ್ತದೆ ನಿಜ. ಆದರೆ ಪಟ್ಟಿಯ ತುದಿಯಲ್ಲಿ ಮಿಂಚುವವರು ಮೊದಲಿನಿಂದಲೂ ಕಬ್ಬನ್ ಪಾರ್ಕಿನಲ್ಲಿ ಓಡುತ್ತಿದ್ದವರೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ತನ್ನ ಸುಮಾರು 5,000 ನೌಕರರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸ್ವಾಸ್ಥ್ಯ ಕಾರ್ಯಕ್ರಮ ಕೊಟ್ಟು ನೋಡಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದರಲ್ಲಿ ಭಾಗವಹಿಸಿದವರ ವೈದ್ಯಕೀಯ ಖರ್ಚು ಮೊದಲೇ ಕಡಿಮೆಯಿತ್ತು, ಅವರ ಅಭ್ಯಾಸಗಳೂ ಮೊದಲೇ ಚೆನ್ನಾಗಿದ್ದವು. ಕಾರ್ಯಕ್ರಮದಿಂದಲೇ ಆದ ಬದಲಾವಣೆ ಹೆಚ್ಚುಕಡಿಮೆ ಕಾಣಲಿಲ್ಲ. ಚಲನೆ ಯಾರಿಗೆ ಅತ್ಯಗತ್ಯವೋ ಅವರಿಗೆ ಅಂಕಪಟ್ಟಿ ತಮ್ಮ ಹೆಸರು ಕೆಳಗಿರುವುದನ್ನು ದಿನವೂ ತೋರಿಸುತ್ತದೆ. ಮೂರನೆಯ ವಾರಕ್ಕೆ ಅವರು ಹೆಜ್ಜೆ ಎಣಿಸುವ ಗಡಿಯಾರ ಬಿಚ್ಚಿಟ್ಟರೆ ತಪ್ಪು ಅವರದಲ್ಲ. ಮನೆಗೆ ಹೋಗಿ ಅಡುಗೆ, ಮಕ್ಕಳ ಹೋಂವರ್ಕ್ ಮುಗಿಸಬೇಕಾದ ಹೆಂಗಸು ಸಂಜೆಯ ಹೆಜ್ಜೆಗಳನ್ನು ಎಲ್ಲಿಂದ ತರಬೇಕು?

ಒಟ್ಟಾಗಿ ಮಾಡುವುದರ ಬಲ ಇರುವುದು ಕಚೇರಿ ತನ್ನ ಸಮಯವನ್ನು ಬಿಟ್ಟುಕೊಡುವಲ್ಲಿ. ವೈ-ಬ್ರೇಕ್‌ಗೆ ಬೇಕಾಗಿರುವುದೂ ಅಷ್ಟೇ. ಬೆಳಿಗ್ಗೆ ಹನ್ನೊಂದೂವರೆಗೆ, ಮಧ್ಯಾಹ್ನ ಮೂರೂವರೆಗೆ ಶಾಖೆಯಲ್ಲೊಂದು ಧ್ವನಿ, ಕನ್ನಡದಲ್ಲಿ. ಮೊದಲು ಅಧಿಕಾರಿ ತನ್ನ ಕೋಣೆಯಿಂದ ಹೊರಬಂದು ಎಲ್ಲರ ಸಾಲಿನಲ್ಲಿ ನಿಲ್ಲಬೇಕು. ಸೇರಲೊಲ್ಲದವರಿಗೆ ಕಾರಣ ಹೇಳುವ ಹಂಗಿರಬಾರದು. ಹಾಜರಿ ಹಾಕಿದ ದಿನ ಇದು ಇನ್ನೊಂದು ದುಡಿಮೆಯಾಗುತ್ತದೆ. ಬಾಗಿಲಲ್ಲಿ ದಿನವಿಡೀ ನಿಂತೇ ಇರುವ ಸೆಕ್ಯೂರಿಟಿಯವರಿಗೆ ಮಾತ್ರ ಈ ಕ್ರಮ ತಿರುವುಮುರುವಾಗಬೇಕು. ಅದೇ ಐದು ನಿಮಿಷ ಅವರಿಗೆ ಕುಳಿತುಕೊಳ್ಳಲು ಒಂದು ಕುರ್ಚಿ ಕೊಡಬೇಕು.