ಶಾಸಕರಿಗೆ ಮೂರು ದಿನದ ಪಾಠ

2023ರ ಜೂನ್ ಕೊನೆಯಲ್ಲಿ ನೆಲಮಂಗಲದ ಬಳಿಯ ಕ್ಷೇಮವನದಲ್ಲಿ ಹೊಸ ಶಾಸಕರಿಗೆ ಮೂರು ದಿನ ತರಬೇತಿ ಶಿಬಿರ ನಡೆಯಿತು. ಸ್ಪೀಕರ್ ಯು.ಟಿ. ಖಾದರ್ ಮುತುವರ್ಜಿಯಿಂದ ಮಾಡಿಸಿದ ಕೆಲಸ. ಧರ್ಮಗುರುಗಳನ್ನು ಉಪನ್ಯಾಸಕ್ಕೆ ಕರೆಯುವುದು ಬೇಡವೆಂದು ಆಕ್ಷೇಪ ಎದ್ದು ಪತ್ರಿಕೆಗಳು ಅದನ್ನೇ ಬರೆದವು. ಯಾರು ಕಲಿಸಬೇಕು ಎಂಬುದಕ್ಕೆ ಬಂದ ಕಾವು ಏನು ಕಲಿಸಬೇಕು ಎಂಬುದಕ್ಕೆ ಬರಲಿಲ್ಲ.

ಸದನದ ನಿಯಮ, ಪ್ರಶ್ನೋತ್ತರ, ಶೂನ್ಯ ವೇಳೆ ಇವನ್ನು ಹೊಸಬರು ಕಲಿಯಲೇಬೇಕು. ಆದರೆ ನಡತೆಯ ಪಾಠ ಹೊಸಬರಿಗೆ ಮಾತ್ರ ಸಾಕೆ? 2012ರ ಫೆಬ್ರವರಿಯಲ್ಲಿ ಸದನದೊಳಗಿನ ಮೊಬೈಲ್ ಅಶ್ಲೀಲ ದೃಶ್ಯದ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟ ಮೂವರೂ ಸಚಿವರು. 2020ರ ಡಿಸೆಂಬರ್ 15ರಂದು ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಿದ್ದು ಹಿರಿಯರ ಮನೆ ಎನ್ನಿಸಿಕೊಂಡ ವಿಧಾನ ಪರಿಷತ್ತಿನಲ್ಲಿ.

ನಮ್ಮ ಶೃಂಗೇರಿ ಕ್ಷೇತ್ರದ ಕಡಹಿನಬೈಲಿನಂಥ ಗ್ರಾಮ ಪಂಚಾಯಿತಿಯ ಸದಸ್ಯರ ಪಾಡೇ ಬೇರೆ. ಅವರ ತರಬೇತಿಗೆಂದೇ ಮೈಸೂರಿನಲ್ಲಿ ಅಬ್ದುಲ್ ನಜೀರ್‌ಸಾಬ್ ಸಂಸ್ಥೆಯಿದೆ. ಪಂಚಾಯಿತಿ ಗುತ್ತಿಗೆಯಲ್ಲಿ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು. ಅದಕ್ಕಿಂತ ದೊಡ್ಡ ಪರೀಕ್ಷೆ ಗ್ರಾಮಸಭೆ. ವಸತಿ ಯೋಜನೆಯ ಪಟ್ಟಿ ಓದುವಾಗ ಮೆಂಬರ್ ತಮ್ಮನ ಹೆಸರು ಬಂತೋ, ಹಿಂದಿನ ಸಾಲಿನಿಂದ ‘ಅವ್ರಿಗೆ ಮನೆ ಇಲ್ವಾ ಮಾರಾಯ್ರೆ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಶಾಸಕರಿಗೆ ಆ ಹಿಂದಿನ ಸಾಲಿಲ್ಲ. 1984ರ ಲೋಕಾಯುಕ್ತ ಕಾಯ್ದೆಯಂತೆ ಅವರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಕೊಡದಿದ್ದರೆ? ಕೊನೆಗೆ ಪತ್ರಿಕೆಯಲ್ಲಿ ಹೆಸರು ಬರುತ್ತದೆ, ಅಷ್ಟೇ. ತರಬೇತಿಯ ಮಾತಿಗೆ ಬಂದರೆ, ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಹೊಸ ಸದಸ್ಯರು 60 ದಿನದೊಳಗೆ ನೀತಿ ತರಬೇತಿ ಮುಗಿಸಲೇಬೇಕೆಂಬ ನಿಯಮವಿದೆ. ಅದರಿಂದ ಅಲ್ಲಿನವರೆಲ್ಲ ಸಾಚಾ ಆದರೆಂದು ಯಾರೂ ನಂಬಬೇಕಿಲ್ಲ.

ಇದೇ ಶೃಂಗೇರಿ ಕ್ಷೇತ್ರದಿಂದ ಗೆದ್ದು ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರು ತೊಂಬತ್ತರ ದಶಕದಲ್ಲಿ ಒಂದು ಲಕ್ಷದಷ್ಟು ಶಿಕ್ಷಕರನ್ನು ಲಂಚದ ಮಾತಿಲ್ಲದೆ ನೇಮಿಸಿದರು. ಅವರು ಯಾವ ಶಿಬಿರದಲ್ಲಿ ಕಲಿತರು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಆದರೆ ತರಬೇತಿ ಬೇಕಿರುವುದು ಅಂಥವರನ್ನು ತಯಾರಿಸಲಿಕ್ಕಲ್ಲ, ‘ನಂಗೆ ಗೊತ್ತಿರ್ಲಿಲ್ಲ’ ಎಂಬ ನೆಪವನ್ನು ಉಳಿದವರ ಕೈಯಿಂದ ಕಿತ್ತುಕೊಳ್ಳಲಿಕ್ಕೆ.

ಹಾಗಾಗಿ ಶಿಬಿರದಲ್ಲಿ ಯೋಗ, ಧ್ಯಾನ ಇರಲಿ, ಬೇಡ ಎನ್ನುವುದಿಲ್ಲ. ವರ್ಗಾವಣೆಗೆ ಕೊಡುವ ಶಿಫಾರಸು ಪತ್ರ, ಭಾಮೈದನ ಹೆಸರಿನಲ್ಲಿರುವ ಗುತ್ತಿಗೆ, ಬಗರ್‌ಹುಕುಂ ಸಮಿತಿಯಲ್ಲಿ ಸ್ವಂತದವರ ಅರ್ಜಿ ಇವುಗಳ ಮೇಲೆ ಅರ್ಧ ದಿನ ಕೂರಿಸಲಿ. ಮೂರನೇ ಸಲ ಗೆದ್ದವರೂ ಬರಲಿ. ಹಾಜರಿ ಪಟ್ಟಿಯನ್ನು ನಮ್ಮ ಕ್ಷೇತ್ರದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಕಚೇರಿಗಳ ನೋಟಿಸ್ ಬೋರ್ಡಿಗೆ ಹಚ್ಚಲಿ.